ಜಾಲರಿ ಮರೆಯಾಗಬೇಕು, ಪ್ರಾಣಿ ಕಾಣಬೇಕು: ಝೂನಲ್ಲಿ ಮೊಬೈಲ್ ಫೋಟೊ ತೆಗೆಯೋದು ಹೇಗೆ, ಎಷ್ಟು ದೂರ ನಿಲ್ಲಬೇಕು?

ವಿದುರಾಶ್ವತ್ಥ (ಗೌರಿಬಿದನೂರು ತಾ.): ಮೃಗಾಲಯಕ್ಕೆ ಹೋಗಿ ಬಂದವರ ಮೊಬೈಲ್ ಗ್ಯಾಲರಿ ತೆಗೆದು ನೋಡಿ. ಹುಲಿ ಇರಬೇಕಾದ ಕಡೆ ತಂತಿ ಜಾಲರಿ. ಹಾವಿನ ಗಾಜಿನಲ್ಲಿ ಫೋಟೊ ತೆಗೆದವರದ್ದೇ ಮುಖ. ಕರಡಿ ಅಂತ ತೋರಿಸಿದರೆ ಒಂದು ಕಪ್ಪು ಮುದ್ದೆ. ಟಿಕೆಟ್, ಬಸ್ ಚಾರ್ಜು, ಒಂದು ದಿನದ ಅಂಗಡಿ ವ್ಯಾಪಾರ ಎಲ್ಲ ಬಿಟ್ಟು ಹೋಗಿದ್ದಕ್ಕೆ ಒಂದೇ ಒಂದು ನೆಟ್ಟಗಿನ ಫೋಟೊ ಇರೋದಿಲ್ಲ. ಆಗ ಮನಸ್ಸಿಗೆ ಬರೋದು ಒಂದೇ ಮಾತು: ‘ಇನ್ನೂ ಸ್ವಲ್ಪ ಹತ್ತಿರ ಹೋಗಿ ತೆಗೆದಿದ್ದರೆ ಚೆನ್ನಾಗಿ ಬರ್ತಿತ್ತು’.

ತೊಂದರೆ ಶುರುವಾಗೋದೇ ಅಲ್ಲಿ. ಪ್ರಾಣಿಯ ಫೋಟೊ ಕೆಡೋದು ದೂರ ನಿಂತಿದ್ದಕ್ಕಲ್ಲ. ಬೆಳಕು, ಫೋಕಸ್, ಅವಸರ, ಈ ಮೂರರಿಂದ. ಇವು ಸರಿಯಾದರೆ ಕೈಯಲ್ಲಿರುವ ಸಾಧಾರಣ ಮೊಬೈಲೇ ಸಾಕು. ಸರಿಯಾಗದಿದ್ದರೆ ಕಂಬಿ ಹತ್ತಿ ನಿಂತರೂ ಫೋಟೊ ಬರಲ್ಲ, ಜೀವಕ್ಕೆ ಕುತ್ತು ಬರುತ್ತೆ. ಡಿಸೆಂಬರ್, ಜನವರಿಯ ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕಳಿಸುವ ಪೋಷಕರು, ಕರೆದುಕೊಂಡು ಹೋಗುವ ಮೇಷ್ಟ್ರುಗಳು, ರಜೆ ಹಾಕಿ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊರಡುವ ಅಂಗಡಿಯವರು ತಿಳಿದಿರಬೇಕಾದ್ದು ಇಲ್ಲಿದೆ.

ಎಲ್ಲಿಗೆ, ಯಾವತ್ತು?

ನಮ್ಮ ಕಡೆಯಿಂದ ಹತ್ತಿರದ ದೊಡ್ಡ ಮೃಗಾಲಯ ಬನ್ನೇರುಘಟ್ಟ ಜೈವಿಕ ಉದ್ಯಾನ. ಗೌರಿಬಿದನೂರಿನಿಂದ ಬೆಂಗಳೂರು ದಾಟಿ ಹೋಗಬೇಕು, ಹೆಚ್ಚುಕಡಿಮೆ 100 ಕಿ.ಮೀ. ರೈಲಲ್ಲಿ ಬೆಂಗಳೂರಿಗೆ ಹೋಗಿ ಮೆಜೆಸ್ಟಿಕ್‌ನಿಂದ 365 ನಂಬರಿನ ಬಸ್ ಹಿಡಿಯುವವರೂ ಇದ್ದಾರೆ. ಇನ್ನೊಂದು ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯ. 1892ರಲ್ಲಿ ಆರಂಭವಾದ ಇದು ದೇಶದ ಹಳೆಯ ಮೃಗಾಲಯಗಳಲ್ಲಿ ಒಂದು. ಅಲ್ಲಿಗೆ 200 ಕಿ.ಮೀ ಮೇಲಾಗುತ್ತೆ, ಹಾಗಾಗಿ ಒಂದು ರಾತ್ರಿ ಉಳಿದುಕೊಳ್ಳುವ ಲೆಕ್ಕ ಹಾಕಿಕೊಳ್ಳೋದೇ ಮೇಲು.

ಎರಡಕ್ಕೂ ಮಂಗಳವಾರ ವಾರದ ರಜೆ. ‘ಮಂಗಳವಾರ ಅಂಗಡಿ ಬಾಗಿಲು ಹಾಕ್ತೀವಿ, ಅವತ್ತೇ ಹೋಗೋಣ’ ಅನ್ನುವವರು ಇದನ್ನು ಮೊದಲು ನೋಡಿಕೊಳ್ಳಬೇಕು. ಭಾನುವಾರ ಜಾತ್ರೆಯಂಥ ಗದ್ದಲ. ಒಂದೊಂದು ಪ್ರಾಣಿಯ ಮುಂದೆ ಎರಡು ನಿಮಿಷ ನಿಲ್ಲೋದೂ ಕಷ್ಟ. ಫೋಟೊ ಬೇಕು ಅನ್ನುವವರಿಗೆ ಬುಧವಾರದಿಂದ ಶುಕ್ರವಾರದೊಳಗಿನ ದಿನ ಒಳ್ಳೆಯದು.

ಹೊತ್ತೂ ಮುಖ್ಯ. ಸಿಂಹ ದಿನದ 24 ಗಂಟೆಯಲ್ಲಿ 16ರಿಂದ 20 ಗಂಟೆ ಮಲಗಿಯೇ ಕಳೆಯುತ್ತೆ. ಹುಲಿ, ಚಿರತೆಗೂ ನೆತ್ತಿಯ ಬಿಸಿಲು ಆಗಿಬರಲ್ಲ. ಮಧ್ಯಾಹ್ನ 12ರಿಂದ 3ರವರೆಗೆ ಹೋದವರಿಗೆ ಸಿಗೋದು ಮಲಗಿದ ಬೆನ್ನು ಮಾತ್ರ. ಬಾಗಿಲು ತೆರೆದ ಮೊದಲ ಒಂದೆರಡು ಗಂಟೆ, ಇಲ್ಲವೇ ಸಂಜೆ 4ರ ನಂತರ ಪ್ರಾಣಿಗಳು ಎದ್ದು ಓಡಾಡುತ್ತವೆ. ಮೋಡ ಮುಚ್ಚಿದ ದಿನವಾದರೆ ಇನ್ನೂ ಒಳ್ಳೆಯದು. ಮುಖದ ಮೇಲೆ ಕಡುನೆರಳು ಬೀಳಲ್ಲ. ನೆತ್ತಿ ಬಿಸಿಲಿನ ಹೊತ್ತನ್ನು ಊಟಕ್ಕೆ, ಬನ್ನೇರುಘಟ್ಟದ ಚಿಟ್ಟೆ ಉದ್ಯಾನಕ್ಕೆ ಇಟ್ಟುಕೊಳ್ಳಿ. ಚಿಟ್ಟೆಗೆ ಬಿಸಿಲೇ ಬೇಕು. ರೆಕ್ಕೆ ಕಾಯಿಸಿಕೊಂಡರೇ ಅದು ಹಾರೋದು.

ಮೊದಲು ಲೆನ್ಸ್ ಒರೆಸಿ

ಅಂಗಡಿ ಗಲ್ಲಾಪೆಟ್ಟಿಗೆ ಪಕ್ಕ ಇರುವ ಮೊಬೈಲು, ಎಣ್ಣೆ ಕೈ, ಬೆವರು ಕೈ ಎಲ್ಲ ತಾಗಿದ ಮೊಬೈಲು. ಅದರ ಕ್ಯಾಮೆರಾ ಗಾಜಿನ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತೆ. ಫೋಟೊ ಮಂಜು ಮಂಜಾಗಿ ಬರೋದಕ್ಕೆ ಇದು ದೊಡ್ಡ ಕಾರಣ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒಮ್ಮೆ ಒರೆಸಿ ಶುರು ಮಾಡಿ. ಖರ್ಚಿಲ್ಲದ ಉಪಾಯ ಇದು.

ಜಾಲರಿ ಮರೆಯಾಗೋದು ಹೇಗೆ?

ಮೊಬೈಲು ತನಗೆ ಹತ್ತಿರ ಇರೋದನ್ನೇ ಮೊದಲು ಹಿಡಿದುಕೊಳ್ಳುತ್ತೆ. ಹಾಗಾಗಿ ಫೋಕಸ್ ಜಾಲರಿ ಮೇಲೆ ಕೂರುತ್ತೆ, ಹಿಂದಿನ ಪ್ರಾಣಿ ಮಸುಕಾಗುತ್ತೆ. ಇದನ್ನು ತಿರುಗಿಸಬೇಕು: ಪ್ರಾಣಿ ಸ್ಪಷ್ಟವಾಗಬೇಕು, ಜಾಲರಿ ಮಸುಕಾಗಬೇಕು.

ಪರದೆಯ ಮೇಲೆ ಪ್ರಾಣಿಯ ಕಣ್ಣಿನ ಜಾಗವನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಬಹುತೇಕ ಫೋನ್‌ಗಳಲ್ಲಿ ಫೋಕಸ್ ಅಲ್ಲೇ ಲಾಕ್ ಆಗುತ್ತೆ. ಫೋನಿನಲ್ಲಿ ದೂರದ್ದನ್ನು ತೆಗೆಯುವ ಬೇರೆ ಲೆನ್ಸ್ ಇದ್ದರೆ (2 ಪಟ್ಟು, 3 ಪಟ್ಟು ಎಂದು ಗುಂಡಿ ಕಾಣುತ್ತೆ) ಅದನ್ನೇ ಬಳಸಿ. ಲೆನ್ಸ್ ಬದಲಾಗದೆ ಎರಡು ಬೆರಳಲ್ಲಿ ಎಳೆದು 10 ಪಟ್ಟು ಮಾಡಿದರೆ ಅದು ಜೂಮ್ ಅಲ್ಲ; ಇರುವ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸೋದು. ಆಮೇಲೆ ಮನೆಯಲ್ಲಿ ಕೂತು ಮಾಡಬಹುದಾದ ಕೆಲಸ ಅದು.

ಜಾಲರಿಯ ಮೇಲೆ ಬಿಸಿಲು ಬಿದ್ದಿದ್ದರೆ ತಂತಿ ಹೊಳೆಯುತ್ತೆ, ಏನು ಮಾಡಿದರೂ ಕಾಣುತ್ತೆ. ನೆರಳಿರುವ ಪಕ್ಕಕ್ಕೆ ನಾಲ್ಕು ಹೆಜ್ಜೆ ಸರಿಯಿರಿ. ಪ್ರಾಣಿ ಜಾಲರಿಗೆ ಅಂಟಿಕೊಂಡಿದ್ದಾಗ ತೆಗೆಯಬೇಡಿ, ಒಳಗೆ ದೂರ ಹೋದ ಮೇಲೆ ತೆಗೆಯಿರಿ. ಜಾಲರಿಗೂ ಪ್ರಾಣಿಗೂ ಅಂತರ ಜಾಸ್ತಿಯಾದಷ್ಟೂ ತಂತಿ ಕರಗಿ ಹೋಗುತ್ತೆ. ಅಂದರೆ, ಪ್ರಾಣಿ ಹತ್ತಿರ ಬಂದಾಗಲೇ ಒಳ್ಳೆ ಫೋಟೊ ಅನ್ನೋದು ಇಲ್ಲಿ ಉಲ್ಟಾ.

ಇನ್ನೊಂದು ದಾರಿ ಜಾಲರಿಯೇ ಇಲ್ಲದ ಕಡೆ ಸಮಯ ಕಳೆಯೋದು. ಮೈಸೂರಿನಲ್ಲೂ ಬನ್ನೇರುಘಟ್ಟದಲ್ಲೂ ಎಷ್ಟೋ ಆವರಣಗಳಿಗೆ ಅಡ್ಡಲಾಗಿ ಕಂದಕ ತೋಡಿದ್ದಾರೆ, ನಡುವೆ ಏನೂ ಅಡ್ಡ ಬರಲ್ಲ. ಜಿರಾಫೆಯಂಥ ಪ್ರಾಣಿಯ ತಲೆ ಬೇಲಿಗಿಂತ ಮೇಲೇ ಇರುತ್ತೆ. ಮಕ್ಕಳ ಕೈಗೆ ಫೋನ್ ಕೊಟ್ಟು ಕಲಿಸೋದಾದರೆ ಇಲ್ಲಿಂದ ಶುರು ಮಾಡಿಸಬಹುದು.

ಒಂದು ಮಾತು ಮರೆಯಬಾರದು. ಮೃಗಾಲಯದಲ್ಲಿ ಎರಡು ಗೆರೆ ಇರುತ್ತವೆ: ಜನ ನಿಲ್ಲುವ ಕಂಬಿ, ಅದರಾಚೆ ಪ್ರಾಣಿಯ ಜಾಲರಿ ಅಥವಾ ಕಂದಕ. ನಡುವಿನ ಆ ಜಾಗ ಬಿಟ್ಟಿರೋದು ಪ್ರಾಣಿಯ ಪಂಜ ಎಟುಕದಿರಲಿ ಅಂತ. ಕಂಬಿ ಮೇಲೆ ಮಗುವನ್ನು ಕೂರಿಸಿ ‘ಹಿಂದೆ ಹುಲಿ ಬರೋ ಹಾಗೆ’ ಫೋಟೊ ತೆಗೆಯೋದು, ಫೋನ್ ಹಿಡಿದ ಕೈಯನ್ನು ಒಳಗೆ ಚಾಚೋದು ಎರಡೂ ಬೇಡ. ಫೋನ್ ಒಳಗೆ ಬಿದ್ದರೆ ಪ್ರಾಣಿಪಾಲಕರನ್ನು ಕರೆಯಿರಿ, ನೀವು ಇಳಿಯಬೇಡಿ. 2014ರ ಸೆಪ್ಟೆಂಬರ್‌ನಲ್ಲಿ ದೆಹಲಿ ಮೃಗಾಲಯದ ಬಿಳಿ ಹುಲಿಯ ಆವರಣದೊಳಗೆ ಬಿದ್ದ ಯುವಕ ವಾಪಸ್ ಬರಲಿಲ್ಲ. ಅದರ ವಿಡಿಯೊ ಮಾತ್ರ ದೇಶದ ಮೊಬೈಲುಗಳಲ್ಲೆಲ್ಲ ಹರಿದಾಡಿತು.

ಗಾಜಿನ ಮುಂದೆ

ಹಾವು, ಉಡದಂಥ ಸರೀಸೃಪಗಳನ್ನು ಗಾಜಿನ ಹಿಂದೆ ಇಟ್ಟಿರುತ್ತಾರೆ. ಇಲ್ಲಿ ಮೊದಲ ಕೆಲಸ ಫ್ಲ್ಯಾಶ್ ಆಫ್ ಮಾಡೋದು. ‘ಆಟೊ’ದಲ್ಲಿ ಬಿಟ್ಟರೆ ಕತ್ತಲೆ ಕಂಡ ಕೂಡಲೇ ಅದೇ ಹೊತ್ತಿಕೊಳ್ಳುತ್ತೆ, ಬೆಳಕು ಗಾಜಿಗೆ ಬಡಿದು ವಾಪಸ್ ಬರುತ್ತೆ, ಫೋಟೊದಲ್ಲಿ ಬಿಳಿ ಚುಕ್ಕೆ. ಫೋನನ್ನು ಗಾಜಿಗೆ ಮೆಲ್ಲಗೆ ಆನಿಸಿ, ಸುತ್ತ ಕೈಯನ್ನೋ ಕರ್ಚೀಫನ್ನೋ ಮರೆ ಮಾಡಿ. ಪ್ರತಿಬಿಂಬ ಹೋಗುತ್ತೆ. ಬಿಳಿ ಅಂಗಿಗಿಂತ ಗಾಢ ಬಣ್ಣದ ಅಂಗಿ ಹಾಕಿದವರಿಗೆ ಇನ್ನೂ ಸುಲಭ.

ಫ್ಲ್ಯಾಶ್ ಬೇಡ ಅನ್ನೋದು ಫೋಟೊ ಚೆನ್ನಾಗಿ ಬರಲಿ ಅಂತ ಮಾತ್ರ ಅಲ್ಲ. ಹಾವಿಗೆ ಕಣ್ಣಿನ ರೆಪ್ಪೆ ಇಲ್ಲ. ಬೆಳಕು ಕುಕ್ಕಿದರೆ ಅದು ಕಣ್ಣು ಮುಚ್ಚಿಕೊಳ್ಳಲಾರದು. ರಾತ್ರಿ ಓಡಾಡುವ ಚಿರತೆ, ಕಾಡುಬೆಕ್ಕಿನಂಥ ಪ್ರಾಣಿಗಳ ಕಣ್ಣಿನ ಹಿಂದೆ ಕನ್ನಡಿಯಂಥ ಪದರ ಇರುತ್ತೆ; ಮಂದ ಬೆಳಕನ್ನೂ ಹಿಡಿದು ನೋಡಲು ಅದು ಸಹಾಯ. ಫ್ಲ್ಯಾಶ್ ಹೊಡೆದರೆ ಅದೇ ಪದರ ಹೊಳೆದು ಫೋಟೊದಲ್ಲಿ ಕಣ್ಣು ಹಸಿರು ಬಲ್ಬಿನ ಹಾಗೆ ಕಾಣುತ್ತೆ. ದಿನಕ್ಕೆ ಸಾವಿರ ಜನ ಬಂದು ಸಾವಿರ ಸಲ ಮಿಂಚು ಹೊಡೆದರೆ ಆ ಪ್ರಾಣಿ ಪಾಡೇನು?

ಗಾಜು ತಟ್ಟೋದೂ ಅಷ್ಟೇ. ಹಾವಿಗೆ ಹೊರಗಿವಿ ಇಲ್ಲ ನಿಜ, ಆದರೆ ಅಲುಗಾಟವನ್ನು ಮೈಯಿಂದ, ದವಡೆ ಮೂಳೆಯಿಂದ ಗ್ರಹಿಸುತ್ತೆ. ತಟ್ಟಿದರೆ ಅದು ತಲೆ ಎತ್ತಲ್ಲ, ಇನ್ನೂ ಮೂಲೆಗೆ ಸೇರಿಕೊಳ್ಳುತ್ತೆ.

ಕರಡಿ ಕಪ್ಪು, ಬಿಳಿ ಹುಲಿ ಬೂದು

ಕ್ಯಾಮೆರಾ ಎದುರಿನ ಬಣ್ಣ ಯಾವುದು ಅಂತ ತಿಳಿಯದೆ ಎಲ್ಲವನ್ನೂ ನಡುಮಧ್ಯದ ಹೊಳಪಿಗೆ ತರಲು ನೋಡುತ್ತೆ. ಬಿಸಿಲಿನ ಹಿನ್ನೆಲೆ ಜಾಸ್ತಿ ಇದ್ದರೆ ಕರಡಿ, ಕಾಡುಕೋಣ ಕಪ್ಪು ಮುದ್ದೆಯಾಗುತ್ತವೆ. ಚೌಕಟ್ಟಿನ ತುಂಬ ಬಿಳಿ ಹುಲಿ ಇದ್ದರೆ ಅದು ಬೂದಿ ಬಣ್ಣಕ್ಕೆ ತಿರುಗುತ್ತೆ. ಪರಿಹಾರ ಸುಲಭ. ಪ್ರಾಣಿ ಮೇಲೆ ಬೆರಳಿಟ್ಟ ಕೂಡಲೇ ಪಕ್ಕದಲ್ಲಿ ಸೂರ್ಯನ ಗುರುತು ಬರುತ್ತೆ. ಕಪ್ಪು ಪ್ರಾಣಿಗೆ ಅದನ್ನು ಸ್ವಲ್ಪ ಮೇಲೆ ಸರಿಸಿ, ಮೈಕೂದಲು ಕಾಣುವಷ್ಟು. ಹಿಂದಿನ ಬಿಸಿಲಿಂದ ಬಿಳಿ ಮೈ ಸುಟ್ಟಂತೆ ಕಂಡರೆ ಕೆಳಗೆ, ಬೂದಿಯಾಗಿ ಕಂಡರೆ ತುಸು ಮೇಲೆ.

ಕೂತು ತೆಗೆಯಿರಿ, ಕಾಯಿರಿ

ನಿಂತ ಎತ್ತರದಿಂದ ತೆಗೆದರೆ ಮೊಸಳೆ ಮರದ ದಿಮ್ಮಿ ಹಾಗೆ ಕಾಣುತ್ತೆ. ಜಾಗ ಇದ್ದ ಕಡೆ ಕುಕ್ಕರಗಾಲಲ್ಲಿ ಕೂತು ಅದರ ಕಣ್ಣಿನ ಮಟ್ಟಕ್ಕೆ ಫೋನ್ ತನ್ನಿ. ಅದೇ ಮೊಸಳೆ ಎದುರಿಗೆ ಬಂದಂತೆ ಕಾಣುತ್ತೆ. ಹಿಂದೆ ಬರುವ ಸಿಮೆಂಟ್ ಗೋಡೆ, ನೀರಿನ ತೊಟ್ಟಿ, ಜನರ ತಲೆ ತಪ್ಪಿಸಲು ಎರಡು ಹೆಜ್ಜೆ ಆಚೀಚೆ ಸರಿದರೆ ಸಾಕು.

ಇನ್ನು ಕಾಯೋದು. ಒಂದು ದಿನದಲ್ಲಿ ಇಡೀ ಮೃಗಾಲಯದ ಪ್ರತಿ ಪ್ರಾಣಿಗೂ ಒಂದೊಂದು ಫೋಟೊ ಅಂತ ಓಡಿದರೆ ಎಲ್ಲವೂ ಅರೆಬರೆ. ಐದು ಪ್ರಾಣಿ ಆರಿಸಿಕೊಂಡು ಒಂದೊಂದರ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಆಕಳಿಕೆ, ಮೈ ಮುರಿಯೋದು, ಮರಿಯನ್ನು ನೆಕ್ಕೋದು ಸಿಗೋದು ಆ ಹತ್ತು ನಿಮಿಷದಲ್ಲೇ. ಹಕ್ಕಿಗಳಿಗೆ, ಓಡುವ ಪ್ರಾಣಿಗೆ ಶಟರ್ ಗುಂಡಿ ಒತ್ತಿ ಹಿಡಿದು ಸಾಲು ಸಾಲು ಫೋಟೊ ತೆಗೆಯಿರಿ (ಕೆಲವು ಫೋನಲ್ಲಿ ಗುಂಡಿಯನ್ನು ಪಕ್ಕಕ್ಕೆ ಎಳೆಯಬೇಕು), ಇಪ್ಪತ್ತರಲ್ಲಿ ಒಂದು ಸರಿ ಬರುತ್ತೆ.

ಶಿಳ್ಳೆ ಹೊಡೆದು, ಕೂಗಿ, ಕಡಲೆಕಾಯಿ ಎಸೆದು ‘ಈ ಕಡೆ ನೋಡು’ ಅನ್ನೋದು ಮಾತ್ರ ಬೇಡ. 2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಬಂದ ಥಾಬೊ ಮತ್ತು ಡೆಂಬಾ ಎಂಬ ಗೊರಿಲ್ಲಾಗಳನ್ನೇ ತೆಗೆದುಕೊಳ್ಳಿ. ಗೊರಿಲ್ಲಾಗೆ ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸೋದೇ ಒಂದು ಸವಾಲು. ಕೂಗುವ ಗುಂಪು ಕಂಡರೆ ಅದು ಬೆನ್ನು ತಿರುಗಿಸಿ ಕೂರುತ್ತೆ. ಸುಮ್ಮನೆ ನಿಂತವರಿಗೇ ಮುಖ ಸಿಗೋದು.

ಕಾನೂನು ಏನು ಹೇಳುತ್ತೆ?

1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 38-ಜೆ ಕಲಂ ಪ್ರಕಾರ ಮೃಗಾಲಯದಲ್ಲಿ ಪ್ರಾಣಿಯನ್ನು ಕೆಣಕೋದು, ಗಾಯ ಮಾಡೋದು, ತಿಂಡಿ ಹಾಕೋದು, ಗದ್ದಲ ಮಾಡಿ ತೊಂದರೆ ಕೊಡೋದು, ಕಸ ಎಸೆಯೋದು ಎಲ್ಲ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ದಂಡ, ಇಲ್ಲವೇ ಎರಡೂ ಆಗಬಹುದು. ರೀಲ್ಸ್‌ಗಾಗಿ ಕೋತಿಗೆ ಚಿಪ್ಸ್ ಕೊಟ್ಟ ವಿಡಿಯೊ ಹಾಕಿದರೆ ತಪ್ಪಿಗೆ ಸಾಕ್ಷಿಯನ್ನೂ ತಾವೇ ಒದಗಿಸಿದ ಹಾಗೆ.

ಮೊಬೈಲ್ ಬಿಟ್ಟು ದೊಡ್ಡ ಕ್ಯಾಮೆರಾ ಒಯ್ಯುವವರು ಶುಲ್ಕ ಎಷ್ಟು ಅಂತ ಟಿಕೆಟ್ ಕೌಂಟರ್‌ನಲ್ಲೇ ಕೇಳಿ ರಸೀದಿ ಪಡೆಯಬೇಕು. ಮದುವೆಗೆ ಮುಂಚಿನ ಶೂಟ್, ಜಾಹೀರಾತು, ಡ್ರೋನ್ ಅಂದರೆ ಅದು ಮನೆಯವರಿಗಾಗಿ ತೆಗೆಯುವ ಫೋಟೊ ಅಲ್ಲ. ಮೊದಲೇ ಕಚೇರಿಯ ಅನುಮತಿ ಬೇಕು.

ಸಫಾರಿಯಲ್ಲಿ ಕೈ ಒಳಗೇ ಇರಲಿ

ಬನ್ನೇರುಘಟ್ಟದ ಸಫಾರಿಯಲ್ಲಿ ಪ್ರಾಣಿಗೆ ಬೇಲಿ ಇಲ್ಲ, ಬೇಲಿ ಇರೋದು ನಾವು ಕೂತ ಬಸ್ಸಿಗೆ. 2025ರ ಆಗಸ್ಟ್‌ನಲ್ಲಿ ಅಲ್ಲಿ ಸಫಾರಿ ವಾಹನದ ಕಿಟಕಿಯತ್ತ ಎಗರಿದ ಚಿರತೆ ಬಾಲಕನೊಬ್ಬನ ಕೈಗೆ ಪರಚಿತ್ತು. ಚಿರತೆ ಮರ ಹತ್ತುವ ಪ್ರಾಣಿ, ಬಸ್ಸಿನ ಎತ್ತರ ಅದಕ್ಕೆ ಲೆಕ್ಕವಲ್ಲ. ಕಿಟಕಿ ಜಾಲರಿಯ ಸಂದಿಯಲ್ಲಿ ಬೆರಳಾಗಲಿ ಫೋನಾಗಲಿ ಹೊರಗೆ ಹೋಗಬಾರದು. ಮಕ್ಕಳನ್ನು ಕಿಟಕಿ ಪಕ್ಕ ಕೂರಿಸಿದರೆ ದೊಡ್ಡವರೊಬ್ಬರು ಹಿಡಿದುಕೊಂಡಿರಲಿ. ಬಸ್ ಅಲುಗಾಡುವಾಗ ಒಂದೊಂದೇ ಫೋಟೊ ತೆಗೆಯುವ ಬದಲು ವಿಡಿಯೊ ಮಾಡಿ ಆಮೇಲೆ ಒಳ್ಳೆ ಚಿತ್ರ ಆರಿಸಿಕೊಳ್ಳಬಹುದು. ‘ಇನ್ನೂ ಹತ್ತಿರ ನಿಲ್ಲಿಸಿ’ ಅಂತ ಡ್ರೈವರ್‌ಗೆ ಒತ್ತಾಯ ಮಾಡಬೇಡಿ.

ಅದೇ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆ ಜೊತೆ ಸೆಲ್ಫಿಗೆ ಹೋದ ವ್ಯಕ್ತಿಯನ್ನು ಆನೆ ಅಟ್ಟಿಸಿಕೊಂಡು ಬಂದು ತುಳಿಯಿತು. ಜೀವ ಉಳಿದಿದ್ದು ಅದೃಷ್ಟ. ಆಮೇಲೆ ಅರಣ್ಯ ಇಲಾಖೆ 25,000 ರೂ. ದಂಡ ಹಾಕಿತು. ಸೆಲ್ಫಿಯ ದೊಡ್ಡ ಅಪಾಯ ಇದೇ: ಪ್ರಾಣಿಗೆ ಬೆನ್ನು ಕೊಟ್ಟು ನಿಲ್ಲಬೇಕಾಗುತ್ತೆ.

ಝೂ ಅಲ್ಲದ ಕಡೆ: ನಮ್ಮೂರಿನ ಪ್ರಾಣಿಗಳು

ಮೃಗಾಲಯಕ್ಕೆ ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಆದರೆ ಪ್ರಾಣಿ ಫೋಟೊ ತೆಗೆಯುವ ಸಂದರ್ಭ ನಮ್ಮ ಸುತ್ತಲೇ ದಿನವೂ ಬರುತ್ತೆ. ಇಲ್ಲಿ ಕಂಬಿಯೂ ಇಲ್ಲ, ಕಾವಲಿನವರೂ ಇಲ್ಲ. ಅಂತರವನ್ನು ನಾವೇ ಇಟ್ಟುಕೊಳ್ಳಬೇಕು.

ಕೋತಿ: ನಂದಿ ಬೆಟ್ಟಕ್ಕೆ ಹೋದವರಿಗೆಲ್ಲ ಇದರ ಅನುಭವ ಇದೆ. ವಿದುರಾಶ್ವತ್ಥದಂಥ ಕ್ಷೇತ್ರಕ್ಕೆ ಬರುವವರ ಕೈಯಲ್ಲೂ ಹಣ್ಣು-ಕಾಯಿ ಚೀಲ ಇರುತ್ತೆ, ಕೋತಿ ಎದುರಾದರೆ ಅದರ ಕಣ್ಣು ಚೀಲದ ಮೇಲೆ. ಕೋತಿ ಭಾಷೆಯಲ್ಲಿ ದಿಟ್ಟಿಸಿ ನೋಡೋದು, ಬಾಯಿ ಅಗಲಿಸೋದು ಬೆದರಿಕೆ. ಮುಖಕ್ಕೆ ಫೋನ್ ಹಿಡಿದು ನಗುತ್ತಾ ನಿಂತರೆ ಅದಕ್ಕೆ ಕಾಣೋದು ಜಗಳಕ್ಕೆ ನಿಂತವರ ಹಾಗೆ. ಚೀಲ ಒಳಗಿಟ್ಟು ದೂರದಿಂದ ಒಂದು ಫೋಟೊ ತೆಗೆದು ಮುಂದೆ ಹೋಗಿ. ಕಚ್ಚಿದರೆ, ಪರಚಿದರೆ ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಿ.

ನಾಗರಹಾವು: ಸಾವಿರಾರು ನಾಗರಕಲ್ಲುಗಳಿರುವ ಊರಿದು. ಹಾವು ಕಂಡರೆ ಕೈಮುಗಿಯುವ ಜನವೇ ಈಗ ಮೊದಲು ಫೋನ್ ತೆಗೆಯುತ್ತಾರೆ. ಹೆಡೆ ಎತ್ತಿದೆ ಅಂದರೆ ಅದು ಪೋಸ್ ಅಲ್ಲ, ಎಚ್ಚರಿಕೆ. ಮನೆ, ಅಂಗಡಿ, ಗೋದಾಮಿನಲ್ಲಿ ಹಾವು ಕಂಡರೆ ಸುತ್ತ ಮುತ್ತಿಕೊಂಡು ವಿಡಿಯೊ ಮಾಡೋದು ಬಿಟ್ಟು, ಹತ್ತು-ಹನ್ನೆರಡು ಅಡಿ ದೂರದಿಂದ ಅದು ಎಲ್ಲಿದೆ ಅಂತ ಕಣ್ಣಿಟ್ಟಿರಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ದೂರದಿಂದ ತೆಗೆದ ಒಂದು ಫೋಟೊ ಹಿಡಿಯಲು ಬರುವವರಿಗೆ ಅದು ಯಾವ ಹಾವು ಅಂತ ಮೊದಲೇ ತಿಳಿಯಲು ಉಪಯೋಗ ಆಗುತ್ತೆ.

ಕೃಷ್ಣಮೃಗ: ಪಕ್ಕದ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ. ಗೌರಿಬಿದನೂರಿನವರು ಅರ್ಧ ದಿನದಲ್ಲಿ ಹೋಗಿ ಬರಬಹುದಾದ ಜಾಗ. ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ. ಬೆಳಗಿನ ಎಳೆಬಿಸಿಲಲ್ಲಿ ಸದ್ದಿಲ್ಲದೆ ಒಂದು ಕಡೆ ಕೂತರೆ ಕಪ್ಪು ಬೆನ್ನಿನ, ತಿರುಚಿದ ಕೊಂಬಿನ ಗಂಡುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಓಡುವ ಫೋಟೊ ಬೇಕು ಅಂತ ಬೈಕಲ್ಲಿ ಅಟ್ಟಿದರೆ? ವನ್ಯಜೀವಿ ಕಾಯ್ದೆಯಲ್ಲಿ ‘ಬೇಟೆ’ ಅಂದರೆ ಕೊಲ್ಲೋದು ಮಾತ್ರ ಅಲ್ಲ. ಹಿಡಿಯೋದು, ಅಟ್ಟೋದು, ಆಮಿಷ ಇಡೋದು, ಅದಕ್ಕೆ ಪ್ರಯತ್ನ ಪಡೋದು ಕೂಡ ಬೇಟೆಯೇ.

ಕೊಕ್ಕರೆ: ಗಡಿಯಾಚೆ ಆಂಧ್ರದ ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರೇ ಅವಕ್ಕೆ ಕಾವಲು. ಮರದ ಕೆಳಗೆ ಚಪ್ಪಾಳೆ ತಟ್ಟಿ ಹಾರಿಸಿದರೆ ಫೋಟೊ ಸಿಗಬಹುದು, ಆದರೆ ತಾಯಿ ಎದ್ದ ಗೂಡಲ್ಲಿ ಮೊಟ್ಟೆ ಬಿಸಿಲಿಗೆ ಬೇಯುತ್ತೆ, ಕಾಗೆ ಪಾಲಾಗುತ್ತೆ.

ಅಂಗಡಿಯವರಿಗೆ ಒಂದು ಮಾತು

ಬೋರ್ಡಿಗೆ, ಕ್ಯಾಲೆಂಡರ್‌ಗೆ, ಹಬ್ಬದ ಶುಭಾಶಯದ ಬ್ಯಾನರ್‌ಗೆ ಹುಲಿ, ಸಿಂಹ, ನವಿಲಿನ ಚಿತ್ರ ಬೇಕು ಅಂದಾಗ ಇಂಟರ್‌ನೆಟ್‌ನಿಂದ ಇಳಿಸಿ ಪ್ರಿಂಟ್ ಹಾಕಿಸೋದು ರೂಢಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಫೋಟೊ ಸಾಮಾನ್ಯವಾಗಿ ತೆಗೆದವರ ಸ್ವತ್ತು. ಕೇಳದೆ ವ್ಯಾಪಾರಕ್ಕೆ ಬಳಸಿದರೆ ನೋಟಿಸ್ ಬರಬಹುದು. ನಿಮ್ಮ ಮಗಳೋ ಮಗನೋ ತೆಗೆದ ಒಳ್ಳೆ ಫೋಟೊ ಇದ್ದರೂ, ಅದು ಝೂನಲ್ಲಿ ತೆಗೆದದ್ದಾದರೆ ವ್ಯಾಪಾರಕ್ಕೆ ಬಳಸುವ ಮುನ್ನ ಅಲ್ಲಿನ ನಿಯಮ ಕೇಳಿಕೊಳ್ಳಿ. ಪ್ರಿಂಟಿಗೆ ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿ ಮಸುಕಾಗುತ್ತೆ. ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಹೊರಡುವ ಮುನ್ನ

* ಮಂಗಳವಾರ ಅಲ್ಲ ತಾನೆ ನೋಡಿ. ಸಮಯ, ಟಿಕೆಟ್ ದರವನ್ನು ಮೃಗಾಲಯದ ಅಧಿಕೃತ ವೆಬ್‌ಸೈಟ್‌ನಲ್ಲಿ ಅವತ್ತೇ ನೋಡಿಕೊಳ್ಳಿ.
* ಫೋನ್ ಮೆಮೊರಿ ಖಾಲಿ ಮಾಡಿ, ಪೂರ್ತಿ ಚಾರ್ಜ್ ಮಾಡಿ, ಲೆನ್ಸ್ ಒರೆಸಿ.
* ಫ್ಲ್ಯಾಶ್ ಆಫ್. ಶಟರ್ ಸದ್ದೂ ಆಫ್.
* ಫೋನಿಗೆ ಕೊರಳ ದಾರ ಹಾಕಿ, ಕಂದಕದ ಪಕ್ಕ ಕೈಜಾರಲ್ಲ.
* ಪ್ಲಾಸ್ಟಿಕ್ ಕವರ್, ಕುರುಕಲು ತಿಂಡಿ ಒಳಗೆ ಬೇಡ.
* ಶಾಲಾ ಪ್ರವಾಸವಾದರೆ ಫೋನ್ ಮೇಷ್ಟ್ರ ಕೈಯಲ್ಲಿರಲಿ. ಇಂಥ ಪ್ರಾಣಿಗೆ ಇಂಥ ಮಕ್ಕಳು ಅಂತ ಸರದಿ ಹಾಕಿದರೆ ನೂಕುನುಗ್ಗಲು ತಪ್ಪುತ್ತೆ.
* ಕಾಡುಪ್ರಾಣಿ, ಗೂಡಿನ ಫೋಟೊ ಹಾಕುವಾಗ ಜಾಗದ ಗುರುತು (ಲೊಕೇಶನ್) ತೆಗೆದು ಹಾಕಿ. ಅದನ್ನು ನೋಡುವವರಲ್ಲಿ ಬೇಟೆಗಾರರೂ ಇರಬಹುದು.

ಫೋಟೊ ಸರಿ ಬಂತೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಫೋಟೊ ತೆಗೆಯುವ ಮೊದಲು ಆ ಪ್ರಾಣಿ ಏನು ಮಾಡ್ತಿತ್ತೋ, ತೆಗೆದ ಮೇಲೂ ಅದನ್ನೇ ಮಾಡ್ತಿದ್ದರೆ ನೀವು ನಿಂತಿದ್ದ ದೂರ ಸರಿಯಾಗಿತ್ತು ಅಂತ ಅರ್ಥ.